ರ‍್ಯಾಮ್ ಖಾಲಿ ಮಾಡಿದರೆ ಫೋನ್ ವೇಗವಾಗುತ್ತದೆಯೇ? ಎಸ್‌ಮೆಮ್ ಎಂಬ ಸಾಧನ ಹೇಳುವ ಲೆಕ್ಕ

ಫೋನ್ ನಿಧಾನವಾಗಿದೆಯೇ? ತೆರೆದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ತಳ್ಳಿ ತೆಗೆಯಿರಿ, ಈ ಬೂಸ್ಟರ್ ಆ್ಯಪ್ ಹಾಕಿಕೊಳ್ಳಿ, ಬ್ಯಾಟರಿಯೂ ಉಳಿಯುತ್ತದೆ. ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಅವುಗಳ ಜೊತೆ ಒಂದು ಚಿತ್ರವೂ ಇರುತ್ತದೆ: ರ‍್ಯಾಮ್ 85% ತುಂಬಿದೆ ಎಂದು ಕೆಂಪು ಬಣ್ಣದಲ್ಲಿ ತೋರಿಸುವ ವೃತ್ತ. ಗುಂಡಿ ಒತ್ತಿದ ಕೂಡಲೇ ಅದು 50%ಗೆ ಇಳಿದು ಹಸಿರಾಗುತ್ತದೆ. ನೋಡಿದವರಿಗೆ ಏನೋ ಕೆಲಸ ಆಯಿತು ಅನ್ನಿಸುತ್ತದೆ.

ನಿಜವಾಗಿ ಏನಾಯಿತು ಎಂದು ತಿಳಿಯಬೇಕಾದರೆ ಮೊದಲು ಒಂದು ಪ್ರಶ್ನೆ ಕೇಳಬೇಕು. ಒಂದು ಆ್ಯಪ್ ಎಷ್ಟು ಮೆಮೊರಿ ಬಳಸುತ್ತಿದೆ ಎಂದು ಅಳೆಯುವುದು ಹೇಗೆ? ಇದು ಕೇಳಿದಷ್ಟು ಸುಲಭದ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಕೊಡಲೆಂದೇ ಲಿನಕ್ಸ್ ಜಗತ್ತಿನಲ್ಲಿ ಎಸ್‌ಮೆಮ್ ಎಂಬ ಪುಟ್ಟ ಸಾಧನವೊಂದಿದೆ. ಅದು ಹೇಗೆ ಲೆಕ್ಕ ಹಾಕುತ್ತದೆ ಎಂದು ಅರ್ಥವಾದರೆ, ಬೂಸ್ಟರ್ ಸಂದೇಶಗಳಲ್ಲಿ ಎಷ್ಟು ಸತ್ಯ, ಎಷ್ಟು ಸುಳ್ಳು ಎಂಬುದು ತಾನಾಗಿಯೇ ತಿಳಿಯುತ್ತದೆ.

ಚುಟುಕಾಗಿ ಉತ್ತರ

ರ‍್ಯಾಮ್ ತುಂಬಿರುವುದು ಕಾಯಿಲೆಯಲ್ಲ. ಆ್ಯಪ್‌ಗಳನ್ನು ಪದೇ ಪದೇ ಮುಚ್ಚುವುದರಿಂದ ಸಾಮಾನ್ಯವಾಗಿ ವೇಗವೂ ಹೆಚ್ಚುವುದಿಲ್ಲ, ಬ್ಯಾಟರಿಯೂ ಉಳಿಯುವುದಿಲ್ಲ. ಬೂಸ್ಟರ್ ಆ್ಯಪ್‌ಗಳಿಂದ ಲಾಭ ಇಲ್ಲ, ಅಪಾಯ ಮಾತ್ರ ಇದೆ. ಏಕೆ ಎಂಬುದನ್ನು ಮುಂದೆ ನೋಡೋಣ.

ರ‍್ಯಾಮ್ ಬೇರೆ, ಸ್ಟೋರೇಜ್ ಬೇರೆ

ಮೆಮೊರಿ ಫುಲ್ ಎಂದು ನಾವು ಹೇಳುವಾಗ ಎರಡು ಬೇರೆ ಬೇರೆ ವಸ್ತುಗಳನ್ನು ಬೆರೆಸಿಬಿಡುತ್ತೇವೆ. ಫೋಟೊ, ವಿಡಿಯೊ, ಹಾಡು, ಆ್ಯಪ್‌ಗಳು ಉಳಿಯುವ ಜಾಗ ಸ್ಟೋರೇಜ್. ಅದು ಮನೆಯ ಉಗ್ರಾಣ ಇದ್ದಂತೆ. ಫೋನ್ ಆಫ್ ಮಾಡಿದರೂ ಅಲ್ಲಿನ ವಸ್ತು ಅಲ್ಲೇ ಇರುತ್ತದೆ. ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಈಗ ಮಾಡುತ್ತಿರುವ ಕೆಲಸಕ್ಕೆ ಬೇಕಾದ ಸಾಮಾನನ್ನು ಉಗ್ರಾಣದಿಂದ ತಂದು ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತೇವೆ. ಫೋನ್ ಆಫ್ ಆದರೆ ಕಟ್ಟೆ ಖಾಲಿ.

ಆದ್ದರಿಂದ ಗ್ಯಾಲರಿಯಲ್ಲಿನ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಿದರೆ ಉಗ್ರಾಣದಲ್ಲಿ ಜಾಗವಾಗುತ್ತದೆ, ರ‍್ಯಾಮ್‌ನಲ್ಲಿ ಅಲ್ಲ. ಹಾಗೆಯೇ ಆ್ಯಪ್‌ಗಳನ್ನು ಮೇಲಕ್ಕೆ ತಳ್ಳಿ ತೆಗೆದರೆ ಸ್ಟೋರೇಜ್ ಒಂದಿಷ್ಟೂ ಉಳಿಯುವುದಿಲ್ಲ.

ಖಾಲಿ ಇರುವ ರ‍್ಯಾಮ್ ಒಳ್ಳೆಯದಲ್ಲವೇ?

ಅಲ್ಲ. ಒಗ್ಗರಣೆ ಡಬ್ಬಿ ಕಟ್ಟೆಯ ಮೇಲೇ ಇದ್ದರೆ ಕೈ ಚಾಚಿದಾಗ ಸಿಗುತ್ತದೆ. ಕಟ್ಟೆ ಖಾಲಿ ಕಾಣಲಿ ಎಂದು ಪ್ರತಿ ಸಲ ಅದನ್ನು ಉಗ್ರಾಣಕ್ಕೆ ಒಯ್ದು ಇಟ್ಟರೆ, ಮುಂದಿನ ಒಗ್ಗರಣೆಗೆ ಮತ್ತೆ ಅಲ್ಲಿಗೇ ಹೋಗಬೇಕು. ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಅದಕ್ಕೆ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತು. ಒಮ್ಮೆ ಸ್ಟೋರೇಜ್‌ನಿಂದ ಓದಿದ ಕಡತವನ್ನು ಅದು ಬಿಡುವಾದ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. ಇದನ್ನು ಕ್ಯಾಶ್ ಎನ್ನುತ್ತಾರೆ. ಬೇರೆ ಆ್ಯಪ್‌ಗೆ ಜಾಗ ಬೇಕಾದರೆ ಆ ಕ್ಯಾಶ್ ಅನ್ನು ತಕ್ಷಣ ಬಿಟ್ಟುಕೊಡುತ್ತದೆ.

ಹೀಗಾಗಿ ರ‍್ಯಾಮ್ ಪೂರ್ತಿ ಬಳಕೆಯಲ್ಲಿದೆ ಎಂದು ಕಂಡರೂ, ಅದರಲ್ಲಿ ದೊಡ್ಡ ಪಾಲು ಕೇಳಿದ ಕೂಡಲೇ ಸಿಗುವ ಜಾಗವೇ ಆಗಿರಬಹುದು. ಲಿನಕ್ಸ್ ಕಂಪ್ಯೂಟರ್‌ನಲ್ಲಿ ಫ್ರೀ ಎಂಬ ಆದೇಶ ಕೊಟ್ಟು ಗಾಬರಿಯಾಗುವವರು ಬಹಳ. ಖಾಲಿ ಇರುವ ಜಾಗ ತೀರಾ ಕಡಿಮೆ ಕಾಣುತ್ತದೆ. ಈ ಗೊಂದಲ ತಪ್ಪಿಸಲು 2014ರಲ್ಲಿ ಬಂದ ಲಿನಕ್ಸ್ 3.14 ಆವೃತ್ತಿ ಹೊಸದೊಂದು ಅಂಕಿಯನ್ನು ಸೇರಿಸಿತು. ಬರಿದಾಗಿ ಬಿದ್ದಿರುವ ಜಾಗ ಎಷ್ಟು ಎಂಬುದರ ಜೊತೆಗೆ, ಬೇಕೆಂದಾಗ ಸಿಗಬಹುದಾದ ಜಾಗ ಎಷ್ಟು ಎಂಬುದನ್ನೂ ಕರ್ನಲ್ ಅಂದಾಜು ಮಾಡಿ ಹೇಳತೊಡಗಿತು. ಬೂಸ್ಟರ್ ಆ್ಯಪ್‌ಗಳ ಕೆಂಪು ವೃತ್ತ ಈ ವ್ಯತ್ಯಾಸವನ್ನು ನಿಮಗೆ ಹೇಳುವುದಿಲ್ಲ.

ಒಂದು ಆ್ಯಪ್ ಎಷ್ಟು ಬಳಸುತ್ತಿದೆ? ವಠಾರದ ಲೆಕ್ಕ

ಈಗ ಕಷ್ಟದ ಭಾಗಕ್ಕೆ ಬರೋಣ. ಒಂದು 30×40 ಸೈಟಿನಲ್ಲಿ ಒಂದು ವಠಾರ ಇದೆ ಎಂದುಕೊಳ್ಳಿ. ಒಟ್ಟು ಜಾಗ 1200 ಚದರ ಅಡಿ. ನಾಲ್ಕು ಸಂಸಾರ, ತಲಾ 200 ಚದರ ಅಡಿಯ ಮನೆ. ಉಳಿದ 400 ಚದರ ಅಡಿಯಲ್ಲಿ ಎಲ್ಲರಿಗೂ ಸೇರಿದ ಅಂಗಳ, ಬಾವಿಕಟ್ಟೆ, ಬಚ್ಚಲು. ನೀವು ಎಷ್ಟು ಜಾಗ ಬಳಸುತ್ತೀರಿ ಎಂದು ಮನೆಮನೆಗೆ ಹೋಗಿ ಕೇಳಿದರೆ ಮೂರು ಬಗೆಯ ಉತ್ತರ ಸಿಗಬಹುದು. ಮೂರೂ ಸುಳ್ಳಲ್ಲ.

ಮೊದಲ ಉತ್ತರ: ನಮ್ಮ ಮನೆ 200, ಅಂಗಳವನ್ನೂ ನಾವು ಬಳಸುತ್ತೇವೆ, ಅದು 400, ಒಟ್ಟು 600. ನಾಲ್ಕು ಮನೆಯವರೂ ಹೀಗೆ ಹೇಳಿದರೆ ಮೊತ್ತ 2400 ಚದರ ಅಡಿ. ಸೈಟು ಇರುವುದೇ 1200! ಒಂದೇ ಅಂಗಳವನ್ನು ನಾಲ್ಕು ಸಲ ಎಣಿಸಿದ್ದೇವೆ.

ಎರಡನೆಯ ಉತ್ತರ: ನಮ್ಮ ಮನೆ 200, ಅಂಗಳದಲ್ಲಿ ನಮ್ಮ ಪಾಲು ನಾಲ್ಕರಲ್ಲಿ ಒಂದು, ಅಂದರೆ 100, ಒಟ್ಟು 300. ನಾಲ್ಕೂ ಮನೆ ಕೂಡಿಸಿದರೆ ಸರಿಯಾಗಿ 1200.

ಮೂರನೆಯ ಉತ್ತರ: ನಮ್ಮದೇ ಅಂತ ಇರುವುದು 200 ಮಾತ್ರ.

ಕಂಪ್ಯೂಟರ್ ಮತ್ತು ಫೋನುಗಳಲ್ಲಿ ನಡೆಯುವುದೂ ಇದೇ. ಅಕ್ಷರ ಮೂಡಿಸಲು, ಚಿತ್ರ ತೋರಿಸಲು, ಇಂಟರ್‌ನೆಟ್ ಸಂಪರ್ಕಕ್ಕೆ ಬೇಕಾದ ಎಷ್ಟೋ ಪ್ರೋಗ್ರಾಂ ತುಣುಕುಗಳನ್ನು ಹಲವು ಆ್ಯಪ್‌ಗಳು ಹಂಚಿಕೊಂಡು ಬಳಸುತ್ತವೆ. ರ‍್ಯಾಮ್‌ನಲ್ಲಿ ಅವುಗಳ ಪ್ರತಿ ಒಂದೇ ಇರುತ್ತದೆ. ಮೊದಲ ಬಗೆಯ ಲೆಕ್ಕಕ್ಕೆ ಆರ್‌ಎಸ್‌ಎಸ್ ಎಂದು ಹೆಸರು, ಎರಡನೆಯದಕ್ಕೆ ಪಿಎಸ್‌ಎಸ್, ಮೂರನೆಯದಕ್ಕೆ ಯುಎಸ್‌ಎಸ್. ಲಿನಕ್ಸ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪಿಎಸ್, ಟಾಪ್ ಎಂಬ ಆದೇಶಗಳು ತೋರಿಸುವುದು ಮೊದಲ ಬಗೆಯ ಅಂಕಿಯನ್ನು. ಅವುಗಳ ಸಾಲುಗಳನ್ನು ಕೂಡಿಸಿ, ಕಂಪ್ಯೂಟರ್‌ನಲ್ಲಿ ಇರುವುದಕ್ಕಿಂತ ಹೆಚ್ಚು ರ‍್ಯಾಮ್ ಬಳಕೆಯಾಗಿದೆಯಲ್ಲ ಎಂದು ತಲೆ ಕೆರೆದುಕೊಂಡವರು ಕಡಿಮೆಯಿಲ್ಲ.

ಎಸ್‌ಮೆಮ್ ಮಾಡುವ ಕೆಲಸ

ಎಸ್‌ಮೆಮ್ ಅನ್ನು ಬರೆದವರು ಮ್ಯಾಟ್ ಮ್ಯಾಕಲ್. ಮರ್ಕ್ಯುರಿಯಲ್ ಎಂಬ ಸಾಫ್ಟ್‌ವೇರ್ ಆವೃತ್ತಿ ನಿರ್ವಹಣಾ ವ್ಯವಸ್ಥೆಯನ್ನು 2005ರಲ್ಲಿ ಆರಂಭಿಸಿದವರೂ ಇವರೇ. ಪಾಲು ಹಂಚುವ ಲೆಕ್ಕವನ್ನು ಲಿನಕ್ಸ್ ಕರ್ನಲ್ 2008ರಲ್ಲಿ ಬಂದ 2.6.25 ಆವೃತ್ತಿಯಿಂದ ಕೊಡತೊಡಗಿತು. ಅದನ್ನು ಓದಿ ಮನುಷ್ಯರಿಗೆ ಅರ್ಥವಾಗುವ ಪಟ್ಟಿ ಮಾಡಲು ಎಸ್‌ಮೆಮ್ 2009ರಲ್ಲಿ ಬಂತು. ಇದು ಪೈಥಾನ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ, ಉಚಿತ. ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಸುಲಭವಾಗಿ ಹಾಕಿಕೊಳ್ಳಬಹುದು.

ಇದಕ್ಕೆ ಬಣ್ಣದ ಪರದೆ, ಗುಂಡಿಗಳು ಏನೂ ಇಲ್ಲ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಇದರ ಹೆಸರು ಬರೆದು ಎಂಟರ್ ಒತ್ತಿದರೆ ಸಾಕು. ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ ಒಂದು ಸಾಲು ಮೂಡುತ್ತದೆ. ಅದರ ಗುರುತಿನ ಸಂಖ್ಯೆ, ಅದನ್ನು ಓಡಿಸುತ್ತಿರುವ ಬಳಕೆದಾರ, ಪ್ರೋಗ್ರಾಂ ಹೆಸರು, ಸ್ವಾಪ್, ಆಮೇಲೆ ನಾವು ಹೇಳಿದ ಮೂರು ಅಂಕಿಗಳು. ಪಟ್ಟಿ ಪಿಎಸ್‌ಎಸ್ ಪ್ರಕಾರ ಚಿಕ್ಕದರಿಂದ ದೊಡ್ಡದಕ್ಕೆ ಇರುವುದರಿಂದ, ಅತಿ ಹೆಚ್ಚು ಬಳಸುತ್ತಿರುವ ಪ್ರೋಗ್ರಾಂ ಎಲ್ಲಕ್ಕಿಂತ ಕೆಳಗೆ ಕಾಣುತ್ತದೆ. ಹೆಸರಿನ ಮುಂದೆ ಒಂದು ಅಡ್ಡಗೆರೆ ಹಾಕಿ ಇಂಗ್ಲಿಷಿನ ಟಿ ಅಕ್ಷರ ಸೇರಿಸಿದರೆ ಕೊನೆಯಲ್ಲಿ ಮೊತ್ತ ಬರುತ್ತದೆ. ಕೆ ಸೇರಿಸಿದರೆ ಅಂಕಿಗಳು ಎಂಬಿ, ಜಿಬಿಗಳಲ್ಲಿ ಕಾಣುತ್ತವೆ. ಯು ಸೇರಿಸಿದರೆ ಯಾವ ಬಳಕೆದಾರನ ಪಾಲು ಎಷ್ಟು ಎಂದು ತಿಳಿಯುತ್ತದೆ. ಎಲ್ಲ ಬಳಕೆದಾರರ ಪ್ರೋಗ್ರಾಂಗಳನ್ನು ನೋಡಲು ಮಾತ್ರ ಕಂಪ್ಯೂಟರ್‌ನ ಮುಖ್ಯ ಅಧಿಕಾರ, ಅಂದರೆ ರೂಟ್ ಅನುಮತಿ ಬೇಕು.

ಟಿವಿ, ರೌಟರ್‌ನಂಥ ಚಿಕ್ಕ ಸಾಧನಗಳಲ್ಲಿ ಪೈಥಾನ್ ಇರಲಿಕ್ಕಿಲ್ಲ. ಅಂಥ ಕಡೆಗೆಂದು ಇದರ ಜೊತೆಗೇ ಎಸ್‌ಮೆಮ್‌ಕ್ಯಾಪ್ ಎಂಬ ಇನ್ನೂ ಚಿಕ್ಕ ಪ್ರೋಗ್ರಾಂ ಬರುತ್ತದೆ. ಅದು ಆ ಸಾಧನದ ಮೆಮೊರಿ ವಿವರಗಳನ್ನು ಒಂದು ಕಡತದಲ್ಲಿ ಕಟ್ಟಿಕೊಡುತ್ತದೆ. ಆ ಕಡತವನ್ನು ದೊಡ್ಡ ಕಂಪ್ಯೂಟರ್‌ಗೆ ತಂದು ನಿಧಾನವಾಗಿ ಲೆಕ್ಕ ನೋಡಬಹುದು.

ಒಂದು ಮನೆ ಖಾಲಿಯಾದರೆ ಎಷ್ಟು ಜಾಗ ಬಿಡುವಾಗುತ್ತದೆ?

ಬೂಸ್ಟರ್ ಆ್ಯಪ್‌ಗಳ ಗುಟ್ಟು ಇರುವುದು ಇಲ್ಲಿ. ವಠಾರದಿಂದ ಒಂದು ಸಂಸಾರ ಖಾಲಿ ಮಾಡಿಕೊಂಡು ಹೋಯಿತು ಎನ್ನಿ. ಬಿಡುವಾಗುವುದು 600 ಅಲ್ಲ, 300 ಕೂಡ ಅಲ್ಲ, ಕೇವಲ 200 ಚದರ ಅಡಿ. ಅಂಗಳ ಉಳಿದ ಮೂವರಿಗೆ ಬೇಕೇ ಬೇಕು. ಒಂದು ಆ್ಯಪ್ ಮುಚ್ಚಿದರೆ ಎಷ್ಟು ರ‍್ಯಾಮ್ ಸಿಗುತ್ತದೆ ಎಂಬುದಕ್ಕೆ ಹತ್ತಿರದ ಉತ್ತರ ಯುಎಸ್‌ಎಸ್. ದೊಡ್ಡದಾಗಿ ಕಾಣುವ ಆರ್‌ಎಸ್‌ಎಸ್ ಅಲ್ಲ. ಆರ್‌ಎಸ್‌ಎಸ್ ಅಂಕಿಗಳನ್ನೇ ಕೂಡಿಸಿ, ಇಷ್ಟು ಜಿಬಿ ಉಳಿಸಿಕೊಟ್ಟೆವು ಎಂದು ಯಾರಾದರೂ ಹೇಳಿದರೆ, ಅದು ಒಂದೇ ಅಂಗಳವನ್ನು ಹಲವು ಸಲ ಮಾರಿದಂತೆ.

ಇನ್ನೊಂದು ಸೂಕ್ಷ್ಮವೂ ಇದೆ. ಒಬ್ಬರು ಹೋದ ಮೇಲೆ ಅಂಗಳದ 400 ಅಡಿ ಮೂವರಿಗೆ ಹಂಚಿಕೆಯಾಗುತ್ತದೆ. ಪ್ರತಿಯೊಬ್ಬರ ಪಾಲು 100ರಿಂದ ಸುಮಾರು 133ಕ್ಕೆ ಏರುತ್ತದೆ. ಅವರೇನೂ ಹೊಸದಾಗಿ ಜಾಗ ಹಿಡಿದಿಲ್ಲ, ಆದರೂ ಲೆಕ್ಕದಲ್ಲಿ ಬೆಳೆದಂತೆ ಕಾಣುತ್ತಾರೆ. ಹಾಗೆಯೇ ಒಂದು ಪ್ರೋಗ್ರಾಂ ಮುಚ್ಚಿದಾಗ ಉಳಿದವುಗಳ ಪಿಎಸ್‌ಎಸ್ ಹೆಚ್ಚಬಹುದು. ಇದು ದೋಷವಲ್ಲ. ಒಂದು ಅಂಕಿಯನ್ನು ಒಮ್ಮೆ ಮಾತ್ರ ನೋಡಿ ಯಾವ ಆ್ಯಪ್‌ನ ಮೇಲೂ ತಪ್ಪು ಹೊರಿಸಬಾರದು ಎಂಬುದಕ್ಕೆ ಇದೊಂದು ಕಾರಣ.

ನಮ್ಮ ಫೋನಿಗೂ ಈ ಲೆಕ್ಕಕ್ಕೂ ಏನು ಸಂಬಂಧ?

ನೇರ ಸಂಬಂಧ ಇದೆ. ಆಂಡ್ರಾಯ್ಡ್ ಫೋನ್ ಆನ್ ಆಗುವಾಗ ಜೈಗೋಟ್ ಎಂಬ ಒಂದು ಪ್ರೋಗ್ರಾಂ ಮೊದಲೇ ಎದ್ದು, ಎಲ್ಲ ಆ್ಯಪ್‌ಗಳಿಗೂ ಬೇಕಾಗುವ ಸಾಮಾನ್ಯ ಸಾಮಗ್ರಿಯನ್ನು ರ‍್ಯಾಮ್‌ಗೆ ತಂದಿಡುತ್ತದೆ. ಆಮೇಲೆ ನೀವು ತೆರೆಯುವ ಪ್ರತಿ ಆ್ಯಪ್ ಅದರಿಂದಲೇ ಕವಲೊಡೆದು ಹುಟ್ಟುತ್ತದೆ, ಆ ಸಾಮಗ್ರಿಯನ್ನು ಹಂಚಿಕೊಳ್ಳುತ್ತದೆ. ಅಂದರೆ ನಿಮ್ಮ ಫೋನು ನಿಜಕ್ಕೂ ಒಂದು ವಠಾರ!

ಎಸ್‌ಮೆಮ್ ಸಾಮಾನ್ಯವಾಗಿ ಕಂಪ್ಯೂಟರ್‌ಗಳಲ್ಲಿ ಓಡಿಸುವ ಸಾಧನ. ಫೋನಿನಲ್ಲಿ ಇದೇ ಕೆಲಸಕ್ಕೆ ಆಂಡ್ರಾಯ್ಡ್‌ನದೇ ಆದೇಶ ಇದೆ: ಡಂಪ್‌ಸಿಸ್ ಮೆಮ್‌ಇನ್ಫೊ. ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ, ಎಡಿಬಿ ಎಂಬ ಸಾಧನದ ಮೂಲಕ ಇದನ್ನು ಓಡಿಸಿದರೆ ಪ್ರತಿ ಆ್ಯಪ್‌ನ ಪಿಎಸ್‌ಎಸ್ ಪಟ್ಟಿ ಸಿಗುತ್ತದೆ. ಕಂಪ್ಯೂಟರ್ ಇಲ್ಲದವರು ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಅಲ್ಲಿನ ಮೆಮೊರಿ ವಿಭಾಗದಲ್ಲಿ ಯಾವ ಆ್ಯಪ್ ಕಳೆದ ಕೆಲವು ಗಂಟೆಗಳಲ್ಲಿ ಸರಾಸರಿ ಎಷ್ಟು ಬಳಸಿದೆ ಎಂದು ನೋಡಬಹುದು. ಫೋನಿನಿಂದ ಫೋನಿಗೆ ಹೆಸರುಗಳು ಸ್ವಲ್ಪ ಬದಲಾಗಬಹುದು. ನೋಡಿಯಾದ ಮೇಲೆ ಡೆವಲಪರ್ ಆಯ್ಕೆಗಳನ್ನು ಆಫ್ ಮಾಡಿಬಿಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ.

ಆ್ಯಪ್‌ಗಳನ್ನು ಮೇಲಕ್ಕೆ ತಳ್ಳಿ ಮುಚ್ಚುವುದು

ನೀವು ಬಿಟ್ಟು ಬಂದ ಆ್ಯಪ್ ಹೆಚ್ಚಿನ ಸಲ ಏನೂ ಕೆಲಸ ಮಾಡದೆ ರ‍್ಯಾಮ್‌ನಲ್ಲಿ ಸುಮ್ಮನೆ ಕುಳಿತಿರುತ್ತದೆ. ಮತ್ತೆ ತೆರೆದರೆ ನಿಂತಲ್ಲಿಂದಲೇ ಶುರುವಾಗುತ್ತದೆ. ಜಾಗ ಸಾಲದೆ ಬಂದಾಗ ಯಾವುದು ಕಡಿಮೆ ಮುಖ್ಯವೋ ಅದನ್ನು ಫೋನೇ ಹೊರಹಾಕುತ್ತದೆ. ಆಂಡ್ರಾಯ್ಡ್‌ನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಸದಾ ಕಾವಲು ಕಾಯುತ್ತಿರುತ್ತದೆ. ನೀವೇ ಮುಚ್ಚಿದರೆ, ಮುಂದಿನ ಸಲ ಆ ಆ್ಯಪ್ ಮೊದಲಿನಿಂದ ಏಳಬೇಕು. ಸ್ಟೋರೇಜ್‌ನಿಂದ ಓದಬೇಕು, ಪ್ರೊಸೆಸರ್ ದುಡಿಯಬೇಕು. ಅದಕ್ಕೆ ಸಮಯವೂ ಬೇಕು, ಬ್ಯಾಟರಿಯೂ ಬೇಕು.

ಇದು ನಮ್ಮ ಮಾತಷ್ಟೇ ಅಲ್ಲ. 2016ರಲ್ಲಿ ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರೀಗಿ ಅವರಿಗೆ ಗ್ರಾಹಕರೊಬ್ಬರ ಪ್ರಶ್ನೆ ಬಂತು: ನೀವು ಹೀಗೆ ಆ್ಯಪ್‌ಗಳನ್ನು ಮುಚ್ಚುತ್ತೀರಾ, ಬ್ಯಾಟರಿ ಉಳಿಸಲು ಅದು ಅಗತ್ಯವೇ? ಎರಡಕ್ಕೂ ಅವರ ಉತ್ತರ ಇಲ್ಲ ಎಂದೇ ಆಗಿತ್ತು. ಅದೇ ಸಮಯದಲ್ಲಿ ಗೂಗಲ್‌ನಲ್ಲಿ ಆಂಡ್ರಾಯ್ಡ್ ನೋಡಿಕೊಳ್ಳುತ್ತಿದ್ದ ಹಿರೋಶಿ ಲಾಕ್‌ಹೈಮರ್ ಕೂಡ, ಇದರಿಂದ ಪರಿಸ್ಥಿತಿ ಸ್ವಲ್ಪ ಹದಗೆಡಬಹುದೇ ಹೊರತು ಸುಧಾರಿಸದು, ವ್ಯವಸ್ಥೆಯ ಕೆಲಸ ವ್ಯವಸ್ಥೆಗೇ ಬಿಡಿ ಎಂಬ ಅರ್ಥದಲ್ಲಿ ಹೇಳಿದ್ದರು.

ಹಾಗಾದರೆ ಮುಚ್ಚಲೇಬಾರದೇ? ಆ್ಯಪ್ ಸಿಕ್ಕಿಹಾಕಿಕೊಂಡು ಅಲುಗಾಡದೆ ನಿಂತಾಗ, ಅಥವಾ ಒಂದು ಆ್ಯಪ್‌ನಿಂದಲೇ ಫೋನ್ ಬಿಸಿಯಾಗುತ್ತಿದೆ ಎಂದು ಖಚಿತವಾದಾಗ ಅದೊಂದನ್ನು ಮುಚ್ಚಿ. ದಿನಕ್ಕೆ ಹತ್ತು ಸಲ ಎಲ್ಲವನ್ನೂ ಗುಡಿಸುವ ಅಭ್ಯಾಸ ಬೇಡ.

ಬೂಸ್ಟರ್ ಆ್ಯಪ್ ಏನು ಮಾಡುತ್ತದೆ?

ಹಿಂದೆ ಇಂಥ ಆ್ಯಪ್‌ಗಳು ಹಿನ್ನೆಲೆಯಲ್ಲಿರುವ ಇತರ ಆ್ಯಪ್‌ಗಳನ್ನು ನಿಲ್ಲಿಸುವಂತೆ ಆಂಡ್ರಾಯ್ಡ್ ಅನ್ನು ಕೇಳಬಹುದಿತ್ತು. ನಿಲ್ಲಿಸಿದ ಎಷ್ಟೋ ಆ್ಯಪ್‌ಗಳು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಎದ್ದು ಬರುತ್ತಿದ್ದವು. 2023ರಲ್ಲಿ ಬಂದ ಆಂಡ್ರಾಯ್ಡ್ 14 ಈ ದಾರಿಯನ್ನೇ ಮುಚ್ಚಿತು. ಈಗ ಆ ಸೌಲಭ್ಯ ಬಳಸಿ ಒಂದು ಆ್ಯಪ್ ತನ್ನದೇ ಹಿನ್ನೆಲೆ ಕೆಲಸಗಳನ್ನು ಮಾತ್ರ ನಿಲ್ಲಿಸಬಹುದು, ಬೇರೆಯವರದ್ದನ್ನಲ್ಲ. ಹೊರಗಿನ ಆ್ಯಪ್ ಒಂದು ಫೋನಿನ ಮೆಮೊರಿ, ಬ್ಯಾಟರಿ ಅಥವಾ ಬಿಸಿಯನ್ನು ಸುಧಾರಿಸಲು ಸಾಧ್ಯವೇ ಇಲ್ಲ ಎಂದು ಆಂಡ್ರಾಯ್ಡ್‌ನ ಅಧಿಕೃತ ಡೆವಲಪರ್ ಕೈಪಿಡಿಯೇ ಸ್ಪಷ್ಟವಾಗಿ ಹೇಳುತ್ತದೆ.

ಆದ್ದರಿಂದ ಕೆಲವು ಆ್ಯಪ್‌ಗಳು ಬೇರೆ ದಾರಿ ಹಿಡಿಯುತ್ತವೆ. ಅಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ದೃಷ್ಟಿದೋಷ ಮುಂತಾದ ತೊಂದರೆ ಇರುವವರಿಗೆ ನೆರವಾಗಲು ಇರುವ ಸೌಲಭ್ಯ ಅದು. ಆ ಅನುಮತಿ ಸಿಕ್ಕರೆ ಆ್ಯಪ್ ನಿಮ್ಮ ಪರದೆಯ ಮೇಲಿನ ಬರಹ ಓದಬಹುದು, ನಿಮ್ಮ ಪರವಾಗಿ ಗುಂಡಿ ಒತ್ತಬಹುದು. ಒಟಿಪಿ, ಬ್ಯಾಂಕ್ ಬಾಕಿ, ಖಾಸಗಿ ಸಂದೇಶ ಎಲ್ಲವೂ ಪರದೆಯ ಮೇಲೇ ಬರುತ್ತವೆ ಎಂಬುದನ್ನು ನೆನಪಿಡಿ. ಫೋನ್ ಚುರುಕಾಗಲಿ ಎಂದು ಹೊರಟವರು ಮನೆಯ ಬೀಗದ ಕೈಯನ್ನೇ ಅಪರಿಚಿತರಿಗೆ ಕೊಟ್ಟಂತಾಗುತ್ತದೆ. ಅದರಲ್ಲೂ ಪ್ಲೇ ಸ್ಟೋರ್ ಬಿಟ್ಟು ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಅಥವಾ ಎಪಿಕೆ ಕಡತದಿಂದ ಇಂಥ ಆ್ಯಪ್ ಹಾಕಿಕೊಳ್ಳುವುದು ತೀರಾ ಅಪಾಯ.

8 ಜಿಬಿ ಜೊತೆಗೆ ಇನ್ನೂ 8 ಜಿಬಿ ಎನ್ನುವ ಜಾಹೀರಾತು

ಎಸ್‌ಮೆಮ್ ಪಟ್ಟಿಯಲ್ಲಿ ಸ್ವಾಪ್ ಎಂಬ ಕಲಂ ಇತ್ತಲ್ಲ, ಅದರ ಅರ್ಥ ಇಲ್ಲಿ ಉಪಯೋಗಕ್ಕೆ ಬರುತ್ತದೆ. ರ‍್ಯಾಮ್ ಸಾಲದಾಗ ಸದ್ಯಕ್ಕೆ ಬೇಡದ ಭಾಗವನ್ನು ಬೇರೆಡೆಗೆ ಸರಿಸುವುದೇ ಸ್ವಾಪ್. ಫೋನುಗಳಲ್ಲಿ ವರ್ಚುವಲ್ ರ‍್ಯಾಮ್ ಎಂದು ಮಾರುವುದು ಸ್ಟೋರೇಜ್‌ನ ಒಂದು ಭಾಗವನ್ನು ಹೀಗೆ ಬಳಸುವ ಏರ್ಪಾಡು. ಉಗ್ರಾಣದ ಒಂದು ಕಪಾಟನ್ನು ಅಡುಗೆ ಕಟ್ಟೆ ಎಂದು ಕರೆದಂತೆ. ಸ್ವಲ್ಪ ಅನುಕೂಲ ಇರಬಹುದು, ಆದರೆ ಸ್ಟೋರೇಜ್ ರ‍್ಯಾಮ್‌ಗಿಂತ ಬಹಳ ನಿಧಾನ. 8 ಮತ್ತು 8 ಸೇರಿ 16 ಜಿಬಿ ರ‍್ಯಾಮ್ ಇರುವ ಫೋನಿಗೆ ಸಮ ಎಂದು ನಂಬಿ ಹಣ ಕೊಡಬೇಡಿ.

ಫೋನ್ ನಿಜವಾಗಿ ನಿಧಾನವಾದರೆ ಏನು ಮಾಡಬೇಕು?

1. ಒಮ್ಮೆ ರೀಸ್ಟಾರ್ಟ್ ಮಾಡಿ. ಹಾದಿ ತಪ್ಪಿದ ಪ್ರೋಗ್ರಾಂ ಏನಾದರೂ ಇದ್ದರೆ ಇದರಿಂದ ಸರಿಹೋಗುತ್ತದೆ.

2. ಸ್ಟೋರೇಜ್ ನೋಡಿ. ಅದು ಪೂರ್ತಿ ತುಂಬಿದ್ದರೆ ಫೋನ್ ನಿಜಕ್ಕೂ ನಿಧಾನವಾಗುತ್ತದೆ. ಬೇಡದ ವಿಡಿಯೊ, ಫಾರ್ವರ್ಡ್ ಚಿತ್ರಗಳನ್ನು ಅಳಿಸಿ.

3. ತಿಂಗಳುಗಟ್ಟಲೆ ಮುಟ್ಟದ ಆ್ಯಪ್‌ಗಳನ್ನು ಮುಚ್ಚುವುದಲ್ಲ, ಅನ್‌ಇನ್‌ಸ್ಟಾಲ್ ಮಾಡಿ.

4. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಯಾವ ಆ್ಯಪ್ ಹೆಚ್ಚು ಬಳಸುತ್ತಿದೆ ಎಂದು ನೋಡಿ. ಬೇಡವೆನಿಸಿದರೆ ಅದರ ಹಿನ್ನೆಲೆ ಬಳಕೆಯನ್ನು ತಡೆಯಿರಿ.

5. ಮೆಮೊರಿ ವಿಭಾಗದಲ್ಲಿ ಒಂದೇ ಆ್ಯಪ್‌ನ ಅಂಕಿ ದಿನದಿಂದ ದಿನಕ್ಕೆ ಏರುತ್ತಲೇ ಇದ್ದರೆ ಆ ಆ್ಯಪ್‌ನಲ್ಲಿ ದೋಷ ಇರಬಹುದು. ಅದನ್ನು ಅಪ್‌ಡೇಟ್ ಮಾಡಿ, ಸರಿಹೋಗದಿದ್ದರೆ ತೆಗೆದುಹಾಕಿ.

6. ಬೂಸ್ಟರ್, ಕ್ಲೀನರ್ ಎಂಬ ಹೆಸರಿನ ಆ್ಯಪ್ ಈಗಾಗಲೇ ಇದ್ದರೆ, ಮೊದಲು ಅದಕ್ಕೆ ಕೊಟ್ಟ ಅಕ್ಸೆಸಿಬಿಲಿಟಿ ಅನುಮತಿ ಹಿಂದಕ್ಕೆ ತೆಗೆದುಕೊಳ್ಳಿ, ಆಮೇಲೆ ಆ್ಯಪ್ ಅನ್ನೇ ತೆಗೆಯಿರಿ.

ತೀರ್ಮಾನ

ರ‍್ಯಾಮ್ ಖಾಲಿ ಮಾಡಿದರೆ ಫೋನ್ ವೇಗವಾಗುತ್ತದೆ ಎಂಬ ಮಾತು ಬಹುಪಾಲು ಸಂದರ್ಭಗಳಲ್ಲಿ ಸುಳ್ಳು. ರ‍್ಯಾಮ್ ಇರುವುದೇ ಬಳಸಲಿಕ್ಕೆ. ಯಾವ ಅಂಕಿ ಕಂಡರೂ ಅದರಲ್ಲಿ ಹಂಚಿಕೆಯ ಜಾಗವನ್ನು ಹೇಗೆ ಎಣಿಸಿದ್ದಾರೆ ಎಂದು ಕೇಳಬೇಕು. ಎಸ್‌ಮೆಮ್ ಹೇಳಿಕೊಡುವ ಪಾಠ ಇಷ್ಟೇ. ಮುಂದಿನ ಸಲ ನಿಮ್ಮ ಮನೆಯ ಗುಂಪಿನಲ್ಲಿ ಬೂಸ್ಟರ್ ಆ್ಯಪ್‌ನ ಲಿಂಕ್ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಿದವರು ದೊಡ್ಡವರಾಗಿದ್ದರೆ ಫೋನ್ ಮಾಡಿ, ಅಕ್ಸೆಸಿಬಿಲಿಟಿ ಅನುಮತಿ ಏನಾದರೂ ಕೊಟ್ಟಿದ್ದೀರಾ ಎಂದು ವಿಚಾರಿಸಿ, ಕೊಟ್ಟಿದ್ದರೆ ತೆಗೆಯಲು ನೆರವಾಗಿ.